ತಲೆಗೆ ತಕ್ಕ ಕ್ಷೌರ: ಒಂದು ವಿಚಾರ

1. ಪೀಠಿಕೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಸೂಚಿಸಿದ ವಿಷಯವನ್ನು ಕೇಳಿ ಅವರಲ್ಲಿ ಕೆಲವರು ನಕ್ಕರು. ಶಿಕ್ಷಣ, ಸಾಹಿತ್ಯ, ಶೀಲ ಮೊದಲಾದ ಗಂಭೀರ ವಿಷಯಗಳ ನಡುವೆ ಗಂಡಸರ ಕ್ಷೌರಕ್ಕೆ ಏನು ಸ್ಥಾನವೆಂಬುದು ಅವರ ಸಂದೇಹವಾಗಿತ್ತು. ಆದರೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಅಧ್ಯಾಪಕ ವೃತ್ತಿಯಲ್ಲಿದ್ದ ನನಗೆ ಒಂದು ಮಾತು ಚೆನ್ನಾಗಿ ಗೊತ್ತಿದೆ. ಶಾಲೆಗಳಲ್ಲಿ ಗುರುಗಳಿಗೂ ಹುಡುಗರಿಗೂ ನಡುವೆ ಮನಸ್ತಾಪವುಂಟಾಗುವುದು ಪಾಠದ ಕಾರಣದಿಂದ ಎಷ್ಟೋ ಅಷ್ಟೇ ತಲೆಗೂದಲಿನ ಕಾರಣದಿಂದಲೂ ಆಗಿದೆ. ಇಷ್ಟೊಂದು ಕಲಹಕ್ಕೆ ಕಾರಣವಾದ ವಸ್ತುವನ್ನು ಕುರಿತು ನಾವು ಶಾಂತಚಿತ್ತದಿಂದ ಒಮ್ಮೆಯೂ ಯೋಚಿಸದಿರುವುದು ಸರಿಯಲ್ಲ.

ಕೊಂಚ ಹಿಂದಿರುಗಿ ನೋಡೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ಜುಟ್ಟು ತೆಗೆಯಿಸಿ ಕ್ರಾಪು ಬಿಟ್ಟ ಹುಡುಗನನ್ನು ಕಂಡರೆ ಮನೆಯ ಹಿರಿಯರು ಕುಲ ಕೆಟ್ಟಿತೆಂದು ಕೊರಗುತ್ತಿದ್ದರು. 1970ರ ದಶಕದ ಹೊತ್ತಿಗೆ ಅದೇ ಕ್ರಾಪು ಸಭ್ಯತೆಯ ಲಕ್ಷಣವಾಗಿ, ಕಿವಿ ಮುಚ್ಚುವಂತೆ ಕೂದಲು ಬಿಟ್ಟವನು ‘ಹಿಪ್ಪಿ’ ಎನಿಸಿಕೊಂಡನು. ಇಂದು ಕಿವಿಯ ಸುತ್ತ ಕೂದಲೇ ಕಾಣದಂತೆ ಬೋಳಿಸಿಕೊಂಡು ನಡುನೆತ್ತಿಯಲ್ಲಿ ಮಾತ್ರ ಬಿಟ್ಟುಕೊಂಡು ಬಂದವನನ್ನು ನಾವು ತರಗತಿಯ ಹೊರಗೆ ನಿಲ್ಲಿಸುತ್ತೇವೆ. ಉದ್ದವಾದರೂ ತಪ್ಪು, ಗಿಡ್ಡವಾದರೂ ತಪ್ಪು. ಆದ್ದರಿಂದ ಹಿರಿಯರ ಆಕ್ಷೇಪಣೆ ಕೂದಲಿನ ಅಳತೆಯನ್ನು ಕುರಿತದ್ದಾಗಿರದೆ ಹೊಸತನವನ್ನು ಕುರಿತದ್ದಾಗಿದೆಯೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಪ್ರಸ್ತುತ ಲೇಖನದ ಅಭಿಪ್ರಾಯ ಇಷ್ಟೇ. ಯಾರದೋ ತಲೆಯ ಚಿತ್ರವನ್ನು ನೋಡಿ ತನ್ನ ತಲೆಗೆ ಕ್ಷೌರವನ್ನು ಆರಿಸಿಕೊಳ್ಳುವುದು ಹುಡುಗರು ಮಾಡುವ ತಪ್ಪು. ನೂರು ತಲೆಗಳಿಗೆ ಒಂದೇ ಕ್ಷೌರವನ್ನು ವಿಧಿಸುವುದು ನಾವು ಮಾಡುವ ತಪ್ಪು. ಎದುರಿಗಿರುವ ತಲೆಯನ್ನು ನೋಡದಿರುವುದೇ ಇವೆರಡಕ್ಕೂ ಮೂಲ. ಹಾಗಾದರೆ ನೋಡಬೇಕಾದುದೇನು?

2. ಕೂದಲಿನ ಸ್ವಭಾವ

ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತ, ಎರಡರಿಂದ ಆರು ವರ್ಷಗಳವರೆಗೆ ಬೆಳೆದು, ಅನಂತರ ಕೆಲವು ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಬೇರಿನಿಂದ ಮತ್ತೊಂದು ಹುಟ್ಟುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲುಗಳು ಉದುರುವುದು ಸಹಜವಾದುದರಿಂದ ಬಾಚಣಿಗೆಯಲ್ಲಿ ನಾಲ್ಕು ಎಳೆ ಕಂಡ ಮಾತ್ರಕ್ಕೆ ಯಾರೂ ಗಾಬರಿಯಾಗಬೇಕಿಲ್ಲ.

ಚರ್ಮದ ಮೇಲಕ್ಕೆ ಬಂದ ಕೂದಲಿಗೆ ಜೀವವಿಲ್ಲ. ಜೀವವಿರುವುದು ಚರ್ಮದೊಳಗಿನ ಬೇರಿನಲ್ಲಿ. ಆದುದರಿಂದ ಮೇಲಿನ ಕೂದಲನ್ನು ಕತ್ತರಿಸುವುದರಿಂದಾಗಲಿ ಬೋಳಿಸುವುದರಿಂದಾಗಲಿ ಅದು ದಟ್ಟವಾಗಿಯೋ ವೇಗವಾಗಿಯೋ ಬೆಳೆಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಸಹಜವಾಗಿ ಬೆಳೆದ ಕೂದಲಿನ ತುದಿ ಸಪೂರವಾಗಿರುತ್ತದೆ. ಕತ್ತಿಯಿಂದ ಕೊಯ್ದ ತುದಿ ಮೊಂಡಾಗಿರುತ್ತದೆ. ಆ ಮೊಂಡು ತುದಿ ಕೈಗೆ ಒರಟಾಗಿ ಸಿಕ್ಕಾಗ ನಾವು ಅದನ್ನು ದಪ್ಪವೆಂದು ಭ್ರಮಿಸುತ್ತೇವೆ.

ಕೂದಲು ನೆಟ್ಟಗಿರುವುದೂ ಗುಂಗುರಾಗಿರುವುದೂ ಬೇರಿನ ಆಕಾರವನ್ನು ಅವಲಂಬಿಸಿದೆ. ಬೇರಿನ ಕುಣಿ ದುಂಡಗಿದ್ದರೆ ಕೂದಲು ನೆಟ್ಟಗೂ, ಚಪ್ಪಟೆಯಾಗಿದ್ದರೆ ಗುಂಗುರಾಗಿಯೂ ಬರುತ್ತದೆ. ದಪ್ಪವೂ ನೆಟ್ಟಗೂ ಇರುವ ಕೂದಲನ್ನು ಪಕ್ಕಗಳಲ್ಲಿ ಒಂದೆರಡು ಅಂಗುಲ ಬಿಟ್ಟರೆ ಅದು ಮಲಗದೆ ಮುಳ್ಳಿನಂತೆ ಹೊರಕ್ಕೆ ಚಾಚಿ ನಿಲ್ಲುತ್ತದೆ. ಅದನ್ನು ಚೆನ್ನಾಗಿ ಗಿಡ್ಡ ಮಾಡಬೇಕು, ಇಲ್ಲವೇ ತನ್ನ ಭಾರಕ್ಕೆ ತಾನೇ ಬೀಳುವಷ್ಟು ಉದ್ದ ಬಿಡಬೇಕು. ಗುಂಗುರು ಕೂದಲು ಒದ್ದೆಯಾಗಿದ್ದಾಗ ಉದ್ದವಾಗಿಯೂ ಒಣಗಿದ ಮೇಲೆ ಕುಗ್ಗಿಯೂ ಕಾಣುವುದರಿಂದ ನೀರು ಚಿಮುಕಿಸಿ ಕತ್ತರಿಸುವಾಗ ಬೇಕಾದುದಕ್ಕಿಂತ ತುಸು ಹೆಚ್ಚಾಗಿಯೇ ಉಳಿಸಿಕೊಳ್ಳಬೇಕು. ನವಿರಾದ ಕೂದಲುಳ್ಳವರು ಉದ್ದ ಬಿಟ್ಟಷ್ಟೂ ಅದು ತಲೆಗೆ ಅಂಟಿಕೊಂಡು ಬುರುಡೆಯನ್ನು ತೋರಿಸುತ್ತದೆ. ಗಿಡ್ಡವಾಗಿಟ್ಟರೆ ದಟ್ಟವಾಗಿರುವಂತೆ ಕಾಣುತ್ತದೆ.

3. ಸುಳಿ ಮತ್ತು ಹಣೆಯ ಗೆರೆ

ನೆತ್ತಿಯ ಹಿಂಭಾಗದಲ್ಲಿ ಕೂದಲು ಸುತ್ತಿ ಹೊರಡುವ ಸ್ಥಾನಕ್ಕೆ ಸುಳಿ ಎನ್ನುತ್ತೇವೆ. ಎರಡು ಸುಳಿಯವನಿಗೆ ಎರಡು ಮದುವೆಯೆಂದು ನಮ್ಮ ಹಳ್ಳಿಗಳಲ್ಲಿ ಹಾಸ್ಯ ಮಾಡುವುದುಂಟು. ಮದುವೆಯ ಮಾತಿರಲಿ, ಕ್ಷೌರದ ಮಟ್ಟಿಗೆ ಸುಳಿ ನಿಜವಾಗಿಯೂ ವಿಧಿಯೇ ಆಗಿದೆ. ಕೂದಲು ಯಾವ ದಿಕ್ಕಿಗೆ ಬೀಳಬೇಕೆಂಬುದನ್ನು ಅದು ಹುಟ್ಟಿನಿಂದಲೇ ನಿರ್ಣಯಿಸಿರುತ್ತದೆ. ಸುಳಿಯ ಬಳಿ ಕೂದಲನ್ನು ಮಧ್ಯಮ ಗಿಡ್ಡ ಮಾಡಿದರೆ ಅದು ಹುಂಜದ ಜುಟ್ಟಿನಂತೆ ಎದ್ದು ನಿಲ್ಲುತ್ತದೆ. ಎಣ್ಣೆ ಹಚ್ಚಿದರೂ ನೀರು ಹಚ್ಚಿದರೂ ಅರ್ಧ ಗಂಟೆಯಲ್ಲಿ ಮತ್ತೆ ಏಳುತ್ತದೆ. ಅಲ್ಲಿ ಪೂರ್ತಿ ಗಿಡ್ಡವೋ ಅಥವಾ ಮಲಗುವಷ್ಟು ಉದ್ದವೋ ಆಗಬೇಕೇ ಹೊರತು ನಡುವಣ ದಾರಿಯಿಲ್ಲ.

ಬೈತಲೆಯೂ ಹಾಗೆಯೇ. ತಲೆಯನ್ನು ತೊಳೆದು, ಕೂದಲನ್ನು ಹಿಂದಕ್ಕೆ ಬಾಚಿ, ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಅದು ತಾನಾಗಿಯೇ ಒಂದೆಡೆ ಬಿರಿಯುತ್ತದೆ. ಅದೇ ಸಹಜವಾದ ಬೈತಲೆ. ಸಾಮಾನ್ಯವಾಗಿ ಅದು ಸುಳಿ ಇರುವ ಪಕ್ಕದಲ್ಲಿರುತ್ತದೆ. ಇದಕ್ಕೆ ವಿರುದ್ಧವಾಗಿ ಬಾಚುವವನು ದಿನವಿಡೀ ತನ್ನ ಕೂದಲಿನೊಡನೆ ಹೋರಾಡಬೇಕಾಗುತ್ತದೆ.

ಇನ್ನು ಹಣೆಯ ಗೆರೆ. ಪ್ರಾಪ್ತ ವಯಸ್ಕರಾದ ಗಂಡಸರಲ್ಲಿ ಅನೇಕರಿಗೆ ಹಣೆಯ ಎರಡು ಮೂಲೆಗಳಲ್ಲಿಯೂ ನೆತ್ತಿಯ ಸುಳಿಯಲ್ಲಿಯೂ ಕೂದಲು ತೆಳುವಾಗತೊಡಗುತ್ತದೆ. ಇದು ವಂಶಪಾರಂಪರ್ಯವಾಗಿ ಬರುವ ಗುಣವೇ ಹೊರತು ಟೋಪಿ ಹಾಕಿದ್ದರಿಂದಲೋ ಓದಿದ್ದರಿಂದಲೋ ಬರುವುದಲ್ಲ. ಇಂಥವರು ಒಂದು ಕಿವಿಯ ಮೇಲಿನ ಕೂದಲನ್ನು ಉದ್ದವಾಗಿ ಬೆಳೆಸಿ ಬೋಳುನೆತ್ತಿಯ ಮೇಲಿನಿಂದ ಮತ್ತೊಂದು ಕಿವಿಗೆ ದಾಟಿಸುವುದನ್ನು ನಾವೆಲ್ಲ ನೋಡಿದ್ದೇವೆ. ಗಾಳಿ ಬೀಸಿದಾಗ ಆಗುವ ಅವಸ್ಥೆಯನ್ನೂ ನೋಡಿದ್ದೇವೆ. ಪಕ್ಕಗಳನ್ನು ಗಿಡ್ಡ ಮಾಡಿದರೆ ನೆತ್ತಿಯ ತೆಳುವು ಎದ್ದು ಕಾಣುವುದಿಲ್ಲ. ಇದ್ದುದನ್ನು ಇದ್ದಂತೆ ಒಪ್ಪಿಕೊಂಡ ತಲೆಗೆ ಒಂದು ಘನತೆ ಇರುತ್ತದೆ. ಈ ಮಾತನ್ನು ನಾನು ನನ್ನ ಸ್ವಂತ ತಲೆಯ ಆಧಾರದಿಂದಲೇ ಹೇಳುತ್ತಿದ್ದೇನೆ.

4. ಮುಖದ ಆಕಾರ

ಕೂದಲನ್ನು ನೋಡಿದ ಮೇಲೆ ಮುಖವನ್ನು ನೋಡಬೇಕು. ಇದಕ್ಕೆ ಒಂದು ಕನ್ನಡಿಯೂ ಒಂದು ದಾರವೂ ಸಾಕು. ಹಣೆಯ ಅಗಲ, ಕೆನ್ನೆಯೆಲುಬುಗಳ ನಡುವಣ ಅಗಲ, ದವಡೆಯ ಅಗಲ, ಕೂದಲಿನ ಗೆರೆಯಿಂದ ಗದ್ದದ ತುದಿಯವರೆಗಿನ ಉದ್ದ, ಈ ನಾಲ್ಕನ್ನೂ ಅಳೆದುಕೊಳ್ಳಬೇಕು. ಉದ್ದವು ಕೆನ್ನೆಯ ಅಗಲಕ್ಕಿಂತ ಸುಮಾರು ಒಂದೂವರೆ ಪಟ್ಟು ಇದ್ದು, ದವಡೆಯು ಹಣೆಗಿಂತ ತುಸು ಕಿರಿದಾಗಿದ್ದರೆ ಅದು ಮೊಟ್ಟೆಯಾಕಾರದ ಮುಖ. ಉದ್ದವೂ ಅಗಲವೂ ಹೆಚ್ಚುಕಡಿಮೆ ಸಮವಾಗಿ, ಗದ್ದ ಗುಂಡಗಿದ್ದರೆ ದುಂಡುಮುಖ. ಅದೇ ಅಳತೆಯಲ್ಲಿ ದವಡೆಯ ಮೂಲೆಗಳು ಎದ್ದು ಕಂಡರೆ ಚೌಕಮುಖ. ಉದ್ದವು ಇನ್ನೂ ಹೆಚ್ಚಾದರೆ ನೀಳಮುಖ. ಹಣೆ ಅಗಲವಾಗಿ ಗದ್ದ ಚೂಪಾಗಿದ್ದರೆ ತ್ರಿಕೋನಮುಖ.

ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ. ನೆತ್ತಿಯ ಮೇಲೆ ಎತ್ತರವಾಗಿ ನಿಂತ ಕೂದಲು ಮುಖಕ್ಕೆ ಉದ್ದವನ್ನು ಕೊಡುತ್ತದೆ. ಪಕ್ಕಗಳಲ್ಲಿ ತುಂಬಿನಿಂತ ಕೂದಲು ಅಗಲವನ್ನು ಕೊಡುತ್ತದೆ. ಹಣೆಯ ಮೇಲೆ ಬಿದ್ದ ಕೂದಲು ಉದ್ದವನ್ನು ಕಡಿಮೆ ಮಾಡುತ್ತದೆ. ಉಳಿದುದೆಲ್ಲ ಇದರಿಂದಲೇ ಹೊರಡುತ್ತದೆ. ದುಂಡುಮುಖದವರು ಪಕ್ಕಗಳನ್ನು ಗಿಡ್ಡ ಮಾಡಿಸಿ ನೆತ್ತಿಯಲ್ಲಿ ಕೊಂಚ ಎತ್ತರ ಬಿಡಬೇಕು. ನೀಳಮುಖದವರಿಗೆ ಇದು ತೀರ ಅಸಂಗತ. ಅವರು ಪಕ್ಕಗಳನ್ನು ಬೋಳಿಸದೆ, ನೆತ್ತಿಯನ್ನು ಎತ್ತರಿಸದೆ, ಮುಂಗೂದಲು ಹಣೆಯ ಮೇಲೆ ತುಸು ಬೀಳುವಂತೆ ಬಿಡುವುದು ಒಳ್ಳೆಯದು. ಚೌಕಮುಖಕ್ಕೆ ಗಿಡ್ಡ ಕ್ಷೌರ ಗಟ್ಟಿತನದ ಕಳೆ ಕೊಡುತ್ತದೆ. ಕಳೆ ಮೃದುವಾಗಬೇಕೆಂದಿದ್ದರೆ ಮೇಲುಭಾಗದಲ್ಲಿ ಉದ್ದ ಬಿಡಬೇಕು. ತ್ರಿಕೋನಮುಖದವರು ಪಕ್ಕಗಳನ್ನು ತೀರ ಬೋಳಿಸಿದರೆ ಹಣೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮೊಟ್ಟೆಯಾಕಾರದ ಮುಖಕ್ಕೆ ಬಹುಮಟ್ಟಿಗೆ ಎಲ್ಲವೂ ಒಪ್ಪುತ್ತದೆ.

ಕಿವಿಗಳು ಹೊರಚಾಚಿದ್ದರೆ ಅವುಗಳ ಮೇಲೆ ಕೊಂಚ ಕೂದಲಿರಲಿ. ಕತ್ತು ಗಿಡ್ಡವಾಗಿದ್ದರೆ ಹಿಂಗೂದಲು ಕ್ರಮೇಣ ಸಣ್ಣದಾಗುತ್ತ ಚರ್ಮದಲ್ಲಿ ಲೀನವಾಗುವಂತೆ ಇಳಿಸಬೇಕು. ಕತ್ತು ನೀಳವೂ ತೆಳ್ಳಗೂ ಇದ್ದರೆ ಅಲ್ಲಿ ಸ್ವಲ್ಪ ಹೆಚ್ಚು ಬಿಡಬೇಕು. ಕನ್ನಡಕದವರು ಕನ್ನಡಕವನ್ನು ಹಾಕಿಕೊಂಡೇ ಕನ್ನಡಿಯಲ್ಲಿ ನೋಡಿ ತೀರ್ಮಾನಿಸಬೇಕು, ಏಕೆಂದರೆ ಜನರು ಕಾಣುವುದು ಆ ಮುಖವನ್ನೇ.

5. ಅನುಕರಣೆಯ ದೋಷ

ಚಲನಚಿತ್ರಗಳಿಂದ ಒಂದು ನಿದರ್ಶನವನ್ನು ಕೊಡುತ್ತೇನೆ. ಹೆಣ್ಣುಮಕ್ಕಳ ಕೇಶಾಲಂಕಾರಕ್ಕೆ ಸಂಬಂಧಿಸಿದ್ದಾದರೂ ಇದರ ತತ್ತ್ವ ಗಂಡಸರಿಗೂ ಅನ್ವಯಿಸುತ್ತದೆ. 1960ರಲ್ಲಿ ತೆರೆಕಂಡ ‘ಲವ್ ಇನ್ ಸಿಮ್ಲಾ’ ಎಂಬ ಹಿಂದಿ ಚಿತ್ರದ ನಾಯಕಿ ಸಾಧನಾ ಅವರ ಹಣೆ ಅಗಲವಾಗಿದ್ದುದರಿಂದ ಅದನ್ನು ಮರೆಮಾಡಲೆಂದು ಮುಂಗೂದಲನ್ನು ಕತ್ತರಿಸಿ ಹಣೆಯ ಮೇಲೆ ಇಳಿಬಿಡಲಾಯಿತು. ಅದು ಅವರ ಹಣೆಯನ್ನು ನೋಡಿ ಮಾಡಿದ ಕ್ಷೌರ. ಆದರೆ ‘ಸಾಧನಾ ಕಟ್’ ಎಂಬ ಹೆಸರಿನಿಂದ ಅದು ದೇಶವನ್ನೆಲ್ಲ ವ್ಯಾಪಿಸಿದಾಗ ಅಗಲ ಹಣೆಯವರೂ ಕಿರಿಹಣೆಯವರೂ ಒಂದೇ ಸಮನೆ ಅದನ್ನು ಅನುಸರಿಸಿದರು. ಔಷಧವನ್ನು ರೋಗವಿಲ್ಲದವರೂ ಕುಡಿದಂತಾಯಿತು.

ಗಂಡುಹುಡುಗರ ವಿಷಯವೂ ಇದಕ್ಕಿಂತ ಬೇರೆಯಲ್ಲ. 2003ರಲ್ಲಿ ‘ತೇರೇ ನಾಮ್’ ಬಂದಾಗ ನಡುಬೈತಲೆ ತೆಗೆದು ಕಣ್ಣಿನವರೆಗೆ ಕೂದಲು ಇಳಿಬಿಟ್ಟ ಹುಡುಗರು ಊರೂರಲ್ಲಿಯೂ ಕಾಣಿಸಿಕೊಂಡರು. ಐದು ವರ್ಷಗಳ ಮೇಲೆ, 2008ರ ಹಿಂದಿ ‘ಗಜನಿ’ ಬಂದಾಗ ಅವರ ತಮ್ಮಂದಿರು ತಲೆಯನ್ನು ನುಣ್ಣಗೆ ಮಾಡಿಸಿ ಅದರಲ್ಲಿ ಗೆರೆ ಕೊರೆಸಿಕೊಂಡರು. ಆ ಚಿತ್ರದ ಕಥೆಯಲ್ಲಿ ಆ ಗೆರೆಗಳು ತಲೆಗೆ ಬಿದ್ದ ಪೆಟ್ಟಿನ ಗುರುತುಗಳು. ಗಾಯವಿಲ್ಲದವನು ಗಾಯದ ಗುರುತನ್ನು ಹಣ ಕೊಟ್ಟು ಪಡೆದನು! ತೆರೆಯ ಮೇಲಿನ ತಲೆಯ ಹಿಂದೆ ದಿನವೂ ಅದನ್ನು ಸಿದ್ಧಗೊಳಿಸುವ ಕುಶಲಕರ್ಮಿಗಳೂ ದೀಪಗಳೂ ಇರುತ್ತವೆಂಬುದನ್ನು ಹುಡುಗರಿಗೆ ತಿಳಿಸಿ ಹೇಳಬೇಕು. ಬರಿಯ ಗದರಿಕೆಯಿಂದ ಇದು ಸಾಧ್ಯವಿಲ್ಲ.

6. ಉದ್ಯೋಗ, ಹವೆ ಮತ್ತು ಹಣ

ಒಪ್ಪುವ ಕ್ಷೌರವೆಂದರೆ ಮುಖಕ್ಕೆ ಮಾತ್ರವಲ್ಲ, ಬಾಳಿಗೂ ಒಪ್ಪಬೇಕು. ಕಲಬುರಗಿ, ವಿಜಯಪುರ, ರಾಯಚೂರುಗಳ ಬೇಸಗೆಯಲ್ಲಿ ಬಿಸಿಲಲ್ಲಿ ದುಡಿಯುವವನಿಗೆ ಬೆವರು ಆರುವಂಥ ಗಿಡ್ಡ ಕ್ಷೌರ ಬೇಕು. ಆದರೆ ಪೂರ್ತಿ ಬೋಳಿಸಿದ ತಲೆಗೆ ಬಿಸಿಲು ನೇರವಾಗಿ ತಾಕುವುದರಿಂದ ರುಮಾಲೋ ಟೋಪಿಯೋ ಇರಲೇಬೇಕು. ತಿರುಗುವ ಯಂತ್ರಗಳ ಬಳಿ ಕೆಲಸ ಮಾಡುವವನಿಗೆ ಜೋಲುವ ಕೂದಲು ಪ್ರಾಣಾಪಾಯಕರ. ದಿನವೂ ಹೆಲ್ಮೆಟ್ ಧರಿಸುವವನು ಎತ್ತರವಾಗಿ ನಿಲ್ಲಿಸುವ ಕೂದಲನ್ನು ಆರಿಸಿಕೊಂಡರೆ ಕಛೇರಿ ಮುಟ್ಟುವುದರೊಳಗಾಗಿ ಅದು ನೆಲಸಮವಾಗಿರುತ್ತದೆ.

ಹಣದ ಲೆಕ್ಕವನ್ನೂ ಹಾಕಬೇಕು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುತ್ತದೆಂದು ಮೇಲೆ ಹೇಳಿದೆನಷ್ಟೆ. ಮಿಷನ್ನಿನ ಒಂದನೆಯ ನಂಬರು ಸುಮಾರು 3 ಮಿಲಿಮೀಟರ್, ಎರಡನೆಯದು 6, ಮೂರನೆಯದು 10, ನಾಲ್ಕನೆಯದು 13 ಮಿಲಿಮೀಟರಿನಷ್ಟು ಕೂದಲನ್ನು ಉಳಿಸುತ್ತದೆ. ಒಂದನೆಯ ನಂಬರಿನಲ್ಲಿ ಕತ್ತರಿಸಿದ ಪಕ್ಕಗಳು ಹತ್ತೇ ದಿನಗಳಲ್ಲಿ ಇಮ್ಮಡಿಯಾಗುತ್ತವೆ. ಮೂರು ವಾರಗಳಲ್ಲಿ ಅದರ ಅಂದ ಮುಗಿಯುತ್ತದೆ. ಕತ್ತರಿಯಿಂದ ಎರಡು ಅಂಗುಲ ಬಿಟ್ಟು ಮಾಡಿದ ಕ್ಷೌರವಾದರೋ ಆರೆಂಟು ವಾರ ತಡೆಯುತ್ತದೆ. ಆದ್ದರಿಂದ ಕ್ಷೌರವಾದ ದಿನದ ಅಂದಕ್ಕಿಂತ ಮೂರನೆಯ ವಾರದ ಅಂದವೇ ಅದಕ್ಕೆ ನಿಜವಾದ ಪರೀಕ್ಷೆ. ತಂದೆಯ ದುಡಿಮೆಯ ಮೇಲೆ ಓದುವ ಹುಡುಗನಿಗೆ ಈ ಲೆಕ್ಕ ತಿಳಿದರೆ ಅವನು ತಾನಾಗಿಯೇ ಯೋಚಿಸುತ್ತಾನೆ.

7. ಕ್ಷೌರಿಕನೆಂಬ ಗುರು

ಇಷ್ಟೆಲ್ಲವನ್ನೂ ಪುಸ್ತಕವಿಲ್ಲದೆ ಬಲ್ಲವನು ಒಬ್ಬನಿದ್ದಾನೆ. ಅವನೇ ಕ್ಷೌರಿಕ. ತಲೆಗೆ ಕೈಯಿಟ್ಟೊಡನೆ ಸುಳಿ ಎಲ್ಲಿದೆ, ಬುರುಡೆಯ ಹಿಂಭಾಗ ಚಪ್ಪಟೆಯೋ ಉಬ್ಬೋ, ಯಾವ ಗಾಯ ಎಲ್ಲಿ ಅಡಗಿದೆಯೆಂಬುದು ಅವನ ಬೆರಳಿಗೆ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಡಪದ ಅಪ್ಪಣ್ಣನವರು ಬಸವಣ್ಣನವರ ಆಪ್ತರಾಗಿದ್ದು ವಚನಕಾರರಾಗಿಯೂ ಪ್ರಸಿದ್ಧರಾದವರು. ಅವರ ಪತ್ನಿ ಲಿಂಗಮ್ಮನವರೂ ವಚನಗಳನ್ನು ರಚಿಸಿದ್ದಾರೆ. ಉತ್ತರ ಕರ್ನಾಟಕದಲ್ಲಿ ಈ ಕಾಯಕದವರು ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ಗೌರವಿಸುತ್ತಾರೆ. ಇಂಥ ಪರಂಪರೆಯ ನಾಡಿನಲ್ಲಿ ಈ ವೃತ್ತಿಯವರನ್ನು ಹಗುರವಾದ ಹೆಸರಿನಿಂದ ಕರೆಯುವುದು ಇನ್ನೂ ನಿಂತಿಲ್ಲವೆಂಬುದು ನಾಚಿಕೆಗೇಡು.

ಕುರ್ಚಿಯಲ್ಲಿ ಕುಳಿತವನು ‘ಸಣ್ಣ ಮಾಡಿ’ ಎಂದಷ್ಟೇ ಹೇಳಿ ಕಣ್ಣು ಮುಚ್ಚಬಾರದು. ಪಕ್ಕದಲ್ಲಿ ಎಷ್ಟು, ನೆತ್ತಿಯಲ್ಲಿ ಎಷ್ಟು, ಹಿಂದೆ ಹೇಗೆ, ಕಿವಿಯ ಮುಂದಿನ ಕೂದಲು ಎಲ್ಲಿಯವರೆಗೆ ಎಂಬುದನ್ನು ಬೆರಳಿನಿಂದ ತೋರಿಸಿ ಹೇಳಬೇಕು. ಅನಂತರ ‘ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಬೇಕು. ಸಂದೇಹವಿದ್ದಲ್ಲಿ ಮೊದಲು ಉದ್ದವಾಗಿಯೇ ಬಿಟ್ಟು, ಕನ್ನಡಿಯಲ್ಲಿ ನೋಡಿ, ಮತ್ತೆ ಕತ್ತರಿಸಿಕೊಳ್ಳಬಹುದು. ಕತ್ತರಿಸಿದುದನ್ನು ಮತ್ತೆ ಹಚ್ಚಲಾಗುವುದಿಲ್ಲ.

ಶುಚಿತ್ವದ ವಿಷಯದಲ್ಲಿ ಸಂಕೋಚ ಸಲ್ಲದು. ಒಬ್ಬರಿಗೆ ಬಳಸಿದ ಬ್ಲೇಡನ್ನು ಮತ್ತೊಬ್ಬರಿಗೆ ಬಳಸಿದರೆ ಕಾಮಾಲೆಯ ಬಿ ಮತ್ತು ಸಿ ವೈರಾಣುಗಳು ರಕ್ತದ ಮೂಲಕ ಹರಡಬಹುದು, ಎಚ್.ಐ.ವಿ.ಯ ಭಯವನ್ನೂ ತಳ್ಳಿಹಾಕುವಂತಿಲ್ಲ. ಹೊಸ ಬ್ಲೇಡನ್ನು ಎದುರಿಗೇ ಹಾಕಿಸಿಕೊಳ್ಳಬೇಕು. ಮಕ್ಕಳ ತಲೆಗೆ ಬರುವ ಹುಳುಕಡ್ಡಿ ರೋಗವು ಬಾಚಣಿಗೆ, ಮಿಷನ್ನು, ಟವೆಲುಗಳಿಂದ ಹರಡುತ್ತದೆ. ಅದಕ್ಕೆ ಮೇಲೆ ಹಚ್ಚುವ ಮುಲಾಮು ಸಾಲದು, ವೈದ್ಯರ ಸಲಹೆಯಂತೆ ಹೊಟ್ಟೆಗೆ ಔಷಧ ತೆಗೆದುಕೊಳ್ಳಬೇಕಾಗುತ್ತದೆ.

8. ಒಂದು ಅನುಭವ

ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದ ಸಂಗತಿಯನ್ನು ಕೊನೆಗೆ ಹೇಳುವೆನೆಂದು ಇಟ್ಟುಕೊಂಡಿದ್ದೆ. ನನ್ನ ವೃತ್ತಿಯ ಆರಂಭದಲ್ಲಿ ಬೇರೊಂದು ಊರಿನ ವಸತಿ ಶಾಲೆಯಲ್ಲಿ ನಾನು ನಿಲಯದ ಮೇಲ್ವಿಚಾರಕನಾಗಿದ್ದೆ. ತಿಂಗಳ ಮೊದಲ ಭಾನುವಾರ ಕ್ಷೌರಿಕರೊಬ್ಬರು ಬಂದು ಬೇವಿನ ಮರದ ಕೆಳಗೆ ಕುಳಿತು ಹುಡುಗರಿಗೆಲ್ಲ ಒಂದೇ ರೀತಿ ಮಿಷನ್ ಹೊಡೆಯುತ್ತಿದ್ದರು. ಅದು ನನ್ನ ಆಜ್ಞೆ. ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಎರಡು ಭಾನುವಾರ ಏನೋ ನೆವ ಹೇಳಿ ತಪ್ಪಿಸಿಕೊಂಡ. ಮೂರನೆಯ ಸಲ ನಾನೇ ಕೈಹಿಡಿದು ಕರೆತಂದು ಕೂರಿಸಿದೆ.

ಆ ಹಿರಿಯರು ಹುಡುಗನ ಹಿಂದಲೆಯ ಮೇಲೆ ಕೈಯಾಡಿಸಿ, ಮಿಷನ್ನನ್ನು ಕೆಳಗಿಟ್ಟು ನನ್ನ ಬಳಿ ಬಂದು ಮೆಲ್ಲಗೆ, “ಸರ್, ಈ ಹುಡುಗಂದು ಹಿಂದ ಸ್ವಲ್ಪ ಉದ್ದ ಬಿಡೋಣ್ರಿ. ಕತ್ತರೀಲೆ ಚಂದ ಮಾಡಿ ಕೊಡ್ತೀನಿ” ಎಂದರು. ಏಕೆಂದು ನಾನು ಕೇಳಲಿಲ್ಲ. “ನಿಯಮ ಎಲ್ಲರಿಗೂ ಒಂದೇ” ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ ಮರಳಿಹೋದರು.

ಕೂದಲು ಬಿದ್ದಮೇಲೆ ಕಂಡದ್ದು ರೂಪಾಯಿಯಗಲದ ಎರಡು ಬೋಳು ಮಚ್ಚೆಗಳು. ಹುಡುಗರು ಅದನ್ನು ‘ಹುಳ ತಿಂದ ತಲೆ’ ಎಂದರು. ಅವನ ಪಕ್ಕದಲ್ಲಿ ಮಲಗಲು ಯಾರೂ ಒಪ್ಪಲಿಲ್ಲ. ಅದು ಇಂದ್ರಲುಪ್ತವೆಂಬ ತೊಂದರೆ; ದೇಹದ ರಕ್ಷಣಾಶಕ್ತಿಯೇ ಕೂದಲಿನ ಬೇರುಗಳ ಮೇಲೆ ತಿರುಗಿಬೀಳುವುದರಿಂದ ಬರುವಂಥದು; ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಅನೇಕರಲ್ಲಿ ಕೂದಲು ತಾನಾಗಿಯೇ ಮರಳಿ ಬರುತ್ತದೆ. ಇದೆಲ್ಲ ಈಗ ನನಗೆ ಗೊತ್ತು. ಅಂದು ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಆ ಹುಡುಗ ದೀಪಾವಳಿಯ ರಜೆಗೆ ಊರಿಗೆ ಹೋದವನು ಮತ್ತೆ ಬರಲಿಲ್ಲ. ಒಂದು ದಿನ ಅವನ ತಂದೆ ಬಂದು ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ಸರ್, ನಮಸ್ಕಾರ್ರೀ” ಎಂದಷ್ಟೇ ಹೇಳಿದರು. ಆ ನಮಸ್ಕಾರದ ಭಾರ ಇಂದಿಗೂ ಇಳಿದಿಲ್ಲ.

9. ಉಪಸಂಹಾರ

ನಿಯಮವೇ ಬೇಡವೆಂದು ನಾನು ಹೇಳುವುದಿಲ್ಲ. ಶಾಲೆಗೆ ಶಿಸ್ತು ಬೇಕು. ಕೂದಲು ಶುಚಿಯಾಗಿರಲಿ, ಕಣ್ಣಿಗೆ ಬೀಳದಿರಲಿ, ಪಾಠಕ್ಕೂ ಆಟಕ್ಕೂ ಅಡ್ಡಿಯಾಗದಿರಲಿ ಎಂದು ವಿಧಿಸುವುದು ನ್ಯಾಯವೇ. ಆದರೆ ಆ ಎಲ್ಲೆಯೊಳಗೆ ತನ್ನ ತಲೆಗೆ ತಕ್ಕುದನ್ನು ಆರಿಸಿಕೊಳ್ಳುವ ಅವಕಾಶ ಹುಡುಗನಿಗಿರಬೇಕು, ಆರಿಸಿಕೊಳ್ಳುವುದು ಹೇಗೆಂದು ನಾವು ಕಲಿಸಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತರಗತಿಯ ನಡುವೆ ಕತ್ತರಿ ಹಿಡಿದು ಹುಡುಗನ ಕೂದಲನ್ನು ಕತ್ತರಿಸುವ ಅಧ್ಯಾಪಕನು ಶಿಸ್ತನ್ನು ಕಲಿಸುತ್ತಿಲ್ಲ, ಅವಮಾನವನ್ನು ಕಲಿಸುತ್ತಿದ್ದಾನೆ.

ದಾರ ಹಿಡಿದು ಮುಖ ಅಳೆಯುವುದು, ಕನ್ನಡಿಯಲ್ಲಿ ಸುಳಿಯನ್ನು ಹುಡುಕುವುದು, ಬೆಳವಣಿಗೆಯ ಲೆಕ್ಕ ಹಾಕುವುದು, ಇವು ಒಂದು ತಾಸಿನ ಪಾಠಕ್ಕೆ ಸಾಕಾಗುವಷ್ಟಿವೆ. ಇದರಲ್ಲಿ ಗಣಿತವೂ ಇದೆ, ವಿಜ್ಞಾನವೂ ಇದೆ. ಆ ಪಾಠಕ್ಕೆ ಊರಿನ ಕ್ಷೌರಿಕರನ್ನೇ ಆಹ್ವಾನಿಸಿ, ಅಧ್ಯಾಪಕರ ಕುರ್ಚಿಯಲ್ಲಿ ಕೂರಿಸಿ ಹೇಳಿಸಬೇಕೆಂಬುದು ನನ್ನ ಸವಿನಯ ಸೂಚನೆ. ಕೇಳುವವರ ಸಾಲಿನಲ್ಲಿ ಅಧ್ಯಾಪಕರೂ ಕುಳಿತಿರಲಿ. ಬೇವಿನ ಮರದ ಕೆಳಗೆ ಅಂದು ಆ ಹಿರಿಯರು ಹೇಳಿದ ಮಾತನ್ನು ನಾನು ಕೇಳಿದ್ದರೆ ಒಬ್ಬ ಹುಡುಗನ ಓದು ಉಳಿಯುತ್ತಿತ್ತು.